ತಿಳಿನೀರು

ಓಸ್ಲೋದಿಂದ ಬಂದ ದಂಪತಿ ದಡದಲ್ಲಿ ನಿಂತು
ಆಹಾ ಎಂದರು: ಎಂಥ ತಿಳಿ! ಗಾಜಿನ ಹಾಗೆ!
ಗುನ್ವೊರ್ ಮುದುಕಿ ಉತ್ತರಿಸಲಿಲ್ಲ.
ಗೋಡೆಯ ಮೊಳೆಯಲ್ಲಿ ಬಲೆ
ಐದು ವರ್ಷದಿಂದ ಒಣಗುತ್ತಲೇ ಇದೆ.

ಮೊದಮೊದಲು ಸಿಕ್ಕಿದ್ದೆಲ್ಲ ದೊಡ್ಡ ಮೀನೇ.
ಮೊಳದುದ್ದದ ಟ್ರೌಟ್ ಎತ್ತಿ ಹಿಡಿದು
ಗಂಡಸರು ಬೀಗಿದರು, ಫೋಟೊ ತೆಗೆಸಿದರು.
ಆಕೆ ಮಾತ್ರ ಬುಟ್ಟಿ ಕೆದಕಿ ಕೇಳಿದಳು,
ಮರಿಗಳೆಲ್ಲಿ?
ಗಂಡ ಓಸ್ಮುಂಡ್ ನಕ್ಕಿದ್ದ.
ಮರುವರ್ಷ ನಗಲಿಲ್ಲ.

ಈಸ್ಟರ್ ಹಬ್ಬಕ್ಕೆ ಬಿದ್ದ ಹಿಮ
ಒಲೆ ಒರೆಸಿದ ಬಟ್ಟೆಯ ಬಣ್ಣ.
ಸುತ್ತ ಹತ್ತು ಹರದಾರಿ ಹೊಗೆಗೂಡಿಲ್ಲ,
ಇರುವುದು ಒಂದು ಚರ್ಚು, ನೀರಿಗೆ ತಿರುಗುವ ಗರಗಸ,
ಯಾರ ಮಾತೂ ಕೇಳದ ಆಡುಗಳು.

ಕಡಲಾಚೆ, ಯಾರ್ಕ್‌ಶೈರಿನ ಒಂದು ಬೀದಿಯಲ್ಲಿ
ಮಾವಿಸ್ ಎಂಬಾಕೆ ಬಿಳಿ ದುಪ್ಪಟಿ ಹರವುತ್ತಾಳೆ.
ಅವಳಮ್ಮನ ಕಾಲಕ್ಕೆ ಒಗೆದದ್ದು ಒಣಗುವಷ್ಟರಲ್ಲಿ ಮಸಿ,
ಅಪ್ಪನ ಎದೆಯೊಳಗೂ ಅದೇ ಮಸಿ.
ಆಮೇಲೆ ಯಾರೋ ಜಾಣರು ಚಿಮಣಿಯನ್ನು
ಮೋಡಕ್ಕೆ ತಾಕುವ ಹಾಗೆ ಎತ್ತರಿಸಿದರು,
ಗಾಳಿ ಬಂದಾಗ ತೂರಿಕೊಂಡರು.
ಕಾಳು ಅಲ್ಲೇ ಉಳಿಯಿತು: ದೀಪ, ಕೂಲಿ, ಬೆಳ್ಳನೆಯ ದುಪ್ಪಟಿ.
ಹೊಟ್ಟು, ಕಣ್ಣಿಗೆ ಕಾಣದ್ದು,
ಹಗಲೂ ರಾತ್ರಿ ಕಡಲ ಮೇಲೆ ನಡೆದು
ಮೋಡದಲ್ಲಿ ನೆನೆದು, ಹುಳಿತು,
ಇಲ್ಲಿ ಇಳಿಯಿತು.
ಮಾವಿಸಳ ಮೇಲೆ ಸಿಟ್ಟು ಮಾಡುವುದು ಹೇಗೆ?
ಅವಳ ಮಗು ಈ ಚಳಿಗಾಲ ಕೆಮ್ಮಲಿಲ್ಲ.

ಕೊನೆಗೆ ಸರಕಾರದ ದೋಣಿ ಬಂತು, ಮೂಟೆ ಹೊತ್ತು,
ಹುಳಿ ಮುರಿಯಲು ನೀರಿಗೆ ಪುಡಿ ಸುರಿಯಿತು.
ಒಂದು ದಡದ ಕಣ್ಣಿಗೆ ಬೆಣ್ಣೆ.
ಇನ್ನೊಂದಕ್ಕೆ, ಮಾತಿಗಲ್ಲ,
ನಿಜಕ್ಕೂ ಸುಣ್ಣ.

ಸಂಜೆ, ಪ್ರವಾಸಿಗಳು ಹೋದ ಮೇಲೆ
ಗುನ್ವೊರ್ ಒಬ್ಬಳೇ ದೋಣಿ ನೂಕಿದಳು.
ನಡುನೀರಲ್ಲಿ ಬಗ್ಗಿ ನೋಡಿದರೆ
ಐದಾಳು ಕೆಳಗೆ, ಹಾಸಿದ ಪಾಚಿಯ ಮೇಲೆ
ಕಾಫಿ ಕೆಟಲಿನ ಮುಚ್ಚಳ.

ಕೈಜಾರಿ ಬಿತ್ತು ಎಂದಿದ್ದ ಓಸ್ಮುಂಡ್.
ಕುಡಿದು ಎಲ್ಲೋ ಬಿಟ್ಟು ಬಂದೆ ಎಂದಿದ್ದಳು ಇವಳು.
ಆ ಚಳಿಗಾಲವಿಡೀ ಮಾತು ಬಿಟ್ಟು,
ಮುಚ್ಚಳವಿಲ್ಲದ ಕೆಟಲಿನಿಂದ
ಬೇಗ ಆರುವ ಕಾಫಿ ಕುಡಿದಿದ್ದರು.
ಈಗ ಅವನು ಚರ್ಚಿನ ಹಿಂದೆ ಮಲಗಿದ್ದಾನೆ.

ಇಷ್ಟು ಚಂದ ಕಾಣಿಸುತ್ತಿದೆ,
ಹಿಡಿಯ ಬಳಿಯ ನಗ್ಗು ಕೂಡ.

ನೈಋತ್ಯದಿಂದ ಗಾಳಿ ಎದ್ದಿತು.
ಮುಚ್ಚಳ ಅಲುಗಿದಂತಾಯಿತು.
ಮುಖ ಎತ್ತಿ ಮೂಸಿದಳು,
ಒಮ್ಮೆ, ಇನ್ನೊಮ್ಮೆ.
ಯಾವ ವಾಸನೆಯೂ ಇರಲಿಲ್ಲ.