ಮದ್ದು

ಎಲೆಯಿಲ್ಲ, ಕಾಂಡವಿಲ್ಲ.
ತರಗೆಲೆ ಸರಿಸಿದರೆ
ನೆಲಕ್ಕೇ ಅಂಟಿದ ಹೂವು.
ಬಿಳಿ ಎಸಳು, ನೇರಳೆ ತುಟಿ.
ಯಾರದೋ ಮುಡಿಯಿಂದ ಬಿದ್ದದ್ದು ಅಂದುಕೊಂಡು
ಎತ್ತಲು ಹೋದರೆ ಬರುವುದಿಲ್ಲ;
ಒಳಗಿಂದ ಹಿಡಿದುಕೊಂಡಿರುತ್ತದೆ.

ನೆಲಸಂಪಿಗೆ.
ಬಾಳೆಲೆಯ ತೋಟದಲ್ಲಿ ಇಪ್ಪತ್ತೆರಡು ವರ್ಷ
ಲೆಕ್ಕ ಬರೆದವಳು ನಾನು.
ಹೂಮಳೆ ಎಷ್ಟು ಸೆಂಟು,
ಕಾಫಿ ಹೂ ಎಷ್ಟು ದಿನ ನಿಂತಿತು,
ಎಲ್ಲ ಪುಸ್ತಕದಲ್ಲಿದೆ.
ಇದು ಇಲ್ಲ.

ಗೊತ್ತಾದದ್ದು ಹಾಕಿ ಆಟದಿಂದ.
ನಾಪೋಕ್ಲು ಮೈದಾನ, ಬೆನ್ನ ಮೇಲೆ ಒಕ್ಕದ ಹೆಸರು,
ನಲವತ್ತಾರರ ಫುಲ್‌ಬ್ಯಾಕ್ ನಾನು,
ಎದುರಿಗೆ ಹದಿನಾರರ ಹುಡುಗ.
ಅವನು ಬಲಕ್ಕೆ ಹೋದ, ನನ್ನ ಮೈಯೂ ಹೋಯಿತು,
ಕಾಲು ಮಾತ್ರ ಅಲ್ಲೇ ಉಳಿಯಿತು.

ಕಣಕಾಲು ಚಕ್ಕೋತದಷ್ಟು.
ಎರವರ ಚೋಮಿ ಒತ್ತಿ ನೋಡಿದಳು:
"ಮುರಿದಿಲ್ಲ, ಮುನಿಸಿಕೊಂಡಿದೆ."
ಚೂಪು ಕೋಲಿನಲ್ಲಿ ಅಗೆದು ಮೂರು ಗಡ್ಡೆ ತಂದಳು.
ನಾಲ್ಕನೆಯದು ಅಲ್ಲೇ ಬಿಟ್ಟಳಂತೆ,
"ಬರುವ ವರ್ಷ ಯಾರು ಬೀಳ್ತಾರೋ."
ಅರೆಯುವಾಗ ಕರ್ಪೂರದ ಹಾಗೆ, ಅಲ್ಲ,
ಹಸಿಶುಂಠಿಯ ಹಾಗೆ, ಅದೂ ಅಲ್ಲ.
ಬೆಚ್ಚಗೆ ಮಾಡಿ ಬಳಿದು, ಹಳೆ ಲುಂಗಿ ಹರಿದು ಸುತ್ತಿದಳು.
ಅವಳ ಅವ್ವ ಇದನ್ನೇ ಮಕ್ಕಳ ಮಂಗನಬಾವಿಗೆ,
ಕತ್ತಿ ತಾಗಿದ ಗಾಯಕ್ಕೆ,
ಹೊರೆ ಹೊತ್ತು ಉಳುಕಿದ ಸೊಂಟಕ್ಕೆ.
"ಎಲ್ಲಿ ಅಗೆಯಬೇಕು ಅಂತ ಹೂವೇ ಹೇಳಬೇಕು.
ಬೆಳಿಗ್ಗೆ ಹೇಳುತ್ತೆ. ಸಂಜೆಗೆ ಮರೆತುಬಿಡುತ್ತೆ."

ಐದನೇ ದಿನ
ಬಾಡಿಗೆ ಜೀಪಿನಲ್ಲಿ ನೀಲಿ ಡ್ರಮ್ಮು ಬಂತು.
"ಅಕ್ಕಾ, ಆರನೇ ಬ್ಲಾಕಿಗೆ ಮದ್ದು ಹೊಡೀಬೇಕಲ್ಲ?"
ಚೀಟಿ ನನ್ನದೇ ಕೈಬರಹ.
ಕಳೆಗೆ ಮದ್ದು, ಕಾಲಿಗೆ ಮದ್ದು, ಕೋವಿಗೂ ಮದ್ದು.
ಒಂದು ಶಬ್ದದ ಕೈಲಿ
ಎಷ್ಟು ಕೆಲಸ ಮಾಡಿಸುತ್ತೇವೆ.

ಒಂದೇ ಚಪ್ಪಲಿಯಲ್ಲಿ ಇಳಿದೆ,
ಆಟದ ಸ್ಟಿಕ್ಕೇ ಊರುಗೋಲು.
ಚೋಮಿ ಆಗಲೇ ಅಲ್ಲಿದ್ದಳು, ಪಂಪಿನವರ ಮುಂದೆ,
ಮಾತಿಲ್ಲದೆ,
ಹೂವಿಗೊಂದು ಕಡ್ಡಿ ನೆಡುತ್ತ.
ಹದಿನೇಳು. ಎಣಿಸಿಬಿಟ್ಟೆ, ಅಭ್ಯಾಸಬಲ.

ಅಂದಿನ ಪುಟದಲ್ಲಿ ಹೀಗಿದೆ:
ಬ್ಲಾಕ್ ಆರು. ಮದ್ದು ಹೊಡೆದಿಲ್ಲ. ಕಾರಣ,
ಆಮೇಲೆ ಖಾಲಿ.
ಖಾಲಿಯ ಮೇಲೊಂದು ಹೆಬ್ಬೆರಳಿನ ಕಲೆ, ಮಾಸಲು ಹಳದಿ.
ಮೂಗಿಗೆ ಹಿಡಿದರೆ
ಈಗಲೂ ಸ್ವಲ್ಪ.