ಹದಿನೈದು ಬೂಟು

ಗ್ಯುಮ್ರಿಯಲ್ಲಿ ಆ ಜನವರಿ ನಲ್ಲಿಯೇ ಹೆಪ್ಪುಗಟ್ಟಿತ್ತು.
ಪ್ರಯೋಗಶಾಲೆಯ ಒಲೆಗೆ ದಿನಕ್ಕೆ ಎರಡೇ ಕೊರಡು,
ಬಗ್ಗಿ ಉಸಿರು ಬಿಟ್ಟರೆ ತಕ್ಕಡಿಯ ಗಾಜಿಗೆ ಮಂಜು.
"ಉಸಿರನ್ನೂ ತೂಗುತ್ತೀರೇನು? ಹಿಂದೆ ಸರಿಯಿರಿ"
ಅಂದರು ಹಾಯ್ಕನೂಶ್ ಟೀಚರು, ಉಣ್ಣೆಶಾಲಿನ ಒಳಗಿಂದ.

ಸೀಸದ ನೈಟ್ರೇಟು ಮೂರು ಪಾಯಿಂಟ್ ಮೂರು ಒಂದು ಎರಡು ಗ್ರಾಂ:
ಒಂದು ಮೋಲನ್ನು ಸಾವಿರ ಮಾಡಿದರೆ ಹತ್ತು ಪಾಲು.
ಪೊಟ್ಯಾಸಿಯಂ ಅಯೋಡೈಡು ಎರಡೂವರೆ ಗ್ರಾಮಿಗೆ ಚಿಟಿಕೆ ಕಮ್ಮಿ:
ಹದಿನೈದು ಪಾಲು.
ಎರಡೂ ಬಿಳಿ. ಎರಡೂ ನೀರಿಗಿಳಿದು ಗುರುತಿಲ್ಲದೆ ಕರಗಿದವು.
ಜಾವೆನ್ ಅಂದ: "ಹತ್ತು ಕಮ್ಮಿ, ಹದಿನೈದು ಹೆಚ್ಚು,
ಮೊದಲು ಮುಗಿಯೋದು ಸೀಸ. ಇದಕ್ಕೂ ಪಂಡಿತರು ಬೇಕೇ?"

ಟೀಚರು ಬೋರ್ಡಿನ ಕಡೆ ಹೋಗಲಿಲ್ಲ.
"ಹತ್ತು ಮಕ್ಕಳು. ಬಾಗಿಲ ಬಳಿ ಹದಿನೈದು ಬೂಟು.
ಹಿಮಕ್ಕೆ ಇಳಿಯುವವರು ಎಷ್ಟು ಮಂದಿ?"

"ಏಳು." "ಎಂಟನೆಯವನು ಕುಂಟಿಕೊಂಡು!"
ಹಿಂದಿನ ಬೆಂಚಿನಿಂದ ನಗು.
ಜಾವೆನ್ ನಗಲಿಲ್ಲ. ಎಡಗಾಲನ್ನು ಮೆಲ್ಲಗೆ
ಬಲಗಾಲಿನ ಮರೆಗೆ ಎಳೆದುಕೊಂಡ.
ಆ ಬೂಟಿನ ಬಿಟ್ಟ ಬಾಯಿಗೆ ತಂತಿಯ ಹೊಲಿಗೆ.
ನೋಡಿದೆ; ನೋಡದವಳ ಹಾಗೆ ತಲೆ ತಗ್ಗಿಸಿ ಬರೆದೆ:
ಒಂದು ಸೀಸಕ್ಕೆ ಎರಡು ಅಯೋಡೈಡು.
ಎಣಿಕೆಯಲ್ಲಿ ಹೆಚ್ಚಿದ್ದವನೇ ಮೊದಲು ಬರಿದಾಗುತ್ತಾನೆ,
ಮಿತಿ ಹಾಕುವವನು ಅವನೇ.

ಆಮೇಲೆ ಸುರಿದೆವು.
ಬಣ್ಣವಿಲ್ಲದ್ದಕ್ಕೆ ಬಣ್ಣವಿಲ್ಲದ್ದು ತಗಲಿದ್ದೇ ತಡ
ಹಳದಿ!
ಅಟ್ಟದ ಹುಲ್ಲಿನಲ್ಲಿ ಅಜ್ಜಿ ಹುದುಗಿಸಿಡುವ
ಸೆರ್ಕೆವಿಲ್ ಹಣ್ಣಿನ ಹಳದಿ,
ಹಿಮ, ಕರಿಗಲ್ಲು ಬಿಟ್ಟರೆ ಬೇರೇನೂ ಕಾಣದ ತಿಂಗಳಲ್ಲಿ.
ತಳಕ್ಕೆ ಇಳಿಯಿತು, ಅವಸರವಿಲ್ಲದೆ.

ಸೋಸಿದೆವು. ಕೆಳಗೆ ತೊಟ್ಟಿಕ್ಕಿದ್ದು ತಿಳಿನೀರು.
ಅದಕ್ಕೆ ಟೀಚರು ಅಯೋಡೈಡಿನ ಒಂದೇ ಹನಿ ಬಿಟ್ಟರು,
ಮತ್ತೆ ಹಳದಿ ಕಣ್ಣುಬಿಟ್ಟಿತು:
ತಿಳಿಯಲ್ಲಿ ಅಡಗಿ ಕಾಯುತ್ತಿದ್ದ ಎರಡೂವರೆ ಪಾಲು ಸೀಸ.
"ಬೂಟು ಸಿಗದವರು," ಅಂದ ಜಾವೆನ್,
ಯಾರಿಗೂ ಅಲ್ಲ.

"ಕಾಗದದ ಮೇಲಿನದನ್ನು ಮಂಜಿನ ನೀರಲ್ಲಿ ತೊಳೆಯಿರಿ,"
ಅಂದಿದ್ದರು. ನನ್ನ ಬೆರಳು ನನ್ನವಾಗಿ ಉಳಿದಿರಲಿಲ್ಲ.
ಒಲೆಯ ಮೇಲೆ ಚಹಾದ ಕೆಟಲ್ ಗೊಣಗುತ್ತಿತ್ತು.
ಒಂದು ಲೋಟ ಸುರಿದೆ. ಬೆರಳಿಗೂ ಸ್ವಲ್ಪ.
ತೊಳೆದ ನೀರು ಬೇರೆ ಬೀಕರಿಗೆ, ಬೀಕರು ಕಿಟಕಿಗೆ.

ಲೆಕ್ಕ ಹೇಳಿದ್ದು ಮೂರು ಪಾಯಿಂಟ್ ನಾಲ್ಕು ಆರು.
ಸಂಜೆ ತಕ್ಕಡಿ ತೋರಿದ್ದು ಮೂರು ಪಾಯಿಂಟ್ ಆರು.
ನೂರಕ್ಕೆ ನೂರನಾಲ್ಕು! ಜಾವೆನ್ ಕುಣಿದೇಬಿಟ್ಟ,
ಇಲ್ಲದ ನಾಲ್ಕನ್ನು ಇಬ್ಬರೂ ಗಳಿಸಿದ್ದೆವಲ್ಲ.
ಟೀಚರು ಹಸಿ ಕಾಗದದ ಅಂಚು ಮುಟ್ಟಿ ಅಂದರು:
"ನೂರರ ಮೇಲಿರುವುದೆಲ್ಲ ನೀರು. ನಾಳೆ ಬನ್ನಿ."

ನಾಳೆ ಬಂತು. ಒಣಗಿ ಹಗುರಾದ ಹಳದಿ
ಮೂರು ಪಾಯಿಂಟ್ ಸೊನ್ನೆ ಎರಡು.
ನೂರಕ್ಕೆ ಎಂಬತ್ತೇಳು ಪಾಯಿಂಟ್ ಮೂರು.
"ತೊಂಬತ್ತೈದು ಅಂತ ಬರಿ," ಜಾವೆನ್ ಪಿಸುಗುಟ್ಟಿದ,
"ಯಾರು ತೂಗಿ ನೋಡ್ತಾರೆ?"
ಪೆನ್ಸಿಲು ಒಂಬತ್ತಿನ ತಲೆಯನ್ನು ಸುತ್ತಲು ಶುರುಮಾಡಿತ್ತು.
"ಬಂದ ಅಂಕಿ ಬರೆಯಿರಿ," ಬೆನ್ನ ಹಿಂದೆ ಶಾಲು.
"ಉಳಿದದ್ದು ಎಲ್ಲಿ ಹೋಯಿತು ಅಂತ ಅದರ ಕೆಳಗೆ."

ಬರೆದೆವು: ಗಾಜಿನ ಕಡ್ಡಿಗೆ ಅಂಟಿದ್ದು,
ಬೀಕರಿನ ಗೋಡೆಗೆ, ಕಾಗದದ ಮಡಿಕೆಗೆ,
ಜಾವೆನನ ತೋಳಿನ ಪಟ್ಟಿಗೆ
(ತೊಳೆದುಕೊಂಡು ಬಾ, ಅದು ಸೀಸ!).
ಕೆಟಲನ್ನು ಬರೆಯಲಿಲ್ಲ.

ಆಗ ಬಿಸಿಲು ಬಂತು, ಕಿಟಕಿಗೆ ಮಾತ್ರ ಸಾಲುವಷ್ಟು.
ನಾನು ಇಟ್ಟು ಮರೆತಿದ್ದ ಬೀಕರಿನಲ್ಲಿ
ರಾತ್ರಿಯಿಡೀ ತಣ್ಣಗಾದ ನೀರಿನ ತುಂಬ
ಚಿನ್ನದ ಹೊಟ್ಟು. ಅಲುಗಿಸಿದರೆ ತೇಲಿ, ತಿರುಗಿ, ಮಿಂಚಿ
ಮತ್ತೆ ನಿಧಾನ ತಳಕ್ಕೆ.
ಇಡೀ ತರಗತಿ ಕಿಟಕಿಗೆ ಮುಗಿಬಿತ್ತು.
ಟೀಚರು ಬೀಕರನ್ನು ನೋಡಿದರು, ಆಮೇಲೆ ನನ್ನನ್ನು:
"ಬಿಸಿನೀರು."
ಅದು ಪ್ರಶ್ನೆಯಾಗಿರಲಿಲ್ಲ.

ಆ ಹೊಳಪನ್ನು ಯಾರೂ ತೂಗಲಿಲ್ಲ.
ಎಂಬತ್ತೇಳು ಪಾಯಿಂಟ್ ಮೂರು ಹಾಗೇ ಉಳಿಯಿತು.
ಅದರ ಕೆಳಗೆ, ಜಾವೆನನ ಪೆನ್ನು ಇಸಕೊಂಡು,
ನೀಲಿಯಲ್ಲಿ ಸೇರಿಸಿದೆ: ಕೆಟಲ್. ನನ್ನ ಕೈ ಚಳಿಗೆ ಸೋತಿತ್ತು.