ಎರಡನೇ ಅಳತೆ

ಸಮೋವಾದ ನಮ್ಮ ಊರಲ್ಲಿ ಚರ್ಚಿನ ಗಂಟೆಯೆಂದರೆ
ಮರಕ್ಕೆ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರು.
ಹುಡುಗನೊಬ್ಬ ಕಬ್ಬಿಣದ ತುಂಡಿನಿಂದ ಬಡಿದರೆ
ಕಡಲಿನವರೆಗೂ ಭಾನುವಾರ.

ಆರಾಧನೆ ಮುಗಿದು ಬಿಳಿ ಬಟ್ಟೆಗಳೆಲ್ಲ ಹೊರಗೆ ಹರಿಯುವಾಗ
ನಾನು ಕೊನೆಯ ಬೆಂಚಿನಲ್ಲಿ ಕೂತಿರುತ್ತೇನೆ,
ಮಡಿಲಲ್ಲಿ ರಕ್ತದೊತ್ತಡ ಅಳೆಯುವ ಪಟ್ಟಿ, ಕೊರಳಲ್ಲಿ ನಳಿಗೆ,
ರೂಲು ಹಾಕಿದ ಒಂದು ನೋಟುಬುಕ್ಕು.
ಆಸ್ಪತ್ರೆಯಲ್ಲಿ ನರ್ಸು; ಇಲ್ಲಿ, ವಿಲಿಯಾಮುವಿನ ಮಗಳು.

ಅಪ್ಪ ಹಾಡುವ ಗುಂಪಿನ ಮಂದ್ರ.
ಅವನು ದನಿಯೆತ್ತಿದರೆ ಬೆಂಚು ನಡುಗುತ್ತಿತ್ತು, ನನ್ನ ಹಲ್ಲೂ.
ಐವತ್ತೊಂದನೇ ವಯಸ್ಸಿಗೆ, ಎರಡನೇ ಚರಣದ ನಡುವೆ
ಕೂತ. ಅಷ್ಟೇ. ಕೂತ.
ದಣಿವಿರಬೇಕೆಂದು ಉಳಿದವರು ಚರಣ ಮುಗಿಸಿದರು.
ಕರ್ತನು ಕರೆದ, ಎಂದರು ಊರವರು.
ಇರಬಹುದು. ಆದರೆ ಆ ಕರೆ
ಹತ್ತು ವರ್ಷದಿಂದ ಬರುತ್ತಲೇ ಇತ್ತು,
ಓಗೊಡಲು ಯಾರಿಗೂ ತಿಳಿದಿರಲಿಲ್ಲ.

ಭಾನುವಾರದ ಊಟದ ಮೇಲೆ ನನಗೆ ಸಿಟ್ಟಿಲ್ಲ.
ಬೆಳಗಿನ ಜಾವಕ್ಕೇ ಕಾದ ಕಲ್ಲಿನ ಒಲೆ,
ಬಾಳೆಲೆಯ ಹೊದಿಕೆಯಡಿ ಕೆಸುವಿನ ಗೆಡ್ಡೆ,
ಎಳೆ ಕೆಸುವಿನೆಲೆಯಲ್ಲಿ ಮಡಿಸಿ ಕಟ್ಟಿದ ತೆಂಗಿನ ಹಾಲು:
ಇದು ಅಜ್ಜಿಯರ ಕೈ.
ನನ್ನ ತಕರಾರು ಹಡಗಿನಲ್ಲಿ ಬಂದದ್ದರ ಜೊತೆ.
ಡಬ್ಬಿಯ ಉಪ್ಪುಮಾಂಸ, ಕುರಿಯ ಪಕ್ಕೆಯ ಕೊಬ್ಬು,
ಬೇರೆಯವರು ತಮ್ಮ ತಟ್ಟೆಗೆ ಬೇಡವೆಂದದ್ದು
ನಮಗೆ ಹಬ್ಬವಾಯಿತು, ಮರ್ಯಾದೆಯಾಯಿತು.
ಪಾದ್ರಿಗೆ ಹೆಚ್ಚು ಡಬ್ಬಿ ಕೊಟ್ಟ ಮನೆಯೇ ಭಕ್ತರ ಮನೆ;
ಹೀಗೆ ಊರಿನ ಪ್ರೀತಿಯೆಲ್ಲ
ಒಬ್ಬನ ರಕ್ತನಾಳದಲ್ಲಿ ಶೇಖರವಾಗುತ್ತದೆ.

ಪಾದ್ರಿ ಎಲಿಸಾಲಾ ನಾಲ್ಕು ಭಾನುವಾರ
ನನ್ನ ಬೆಂಚನ್ನು ಬಳಸಿ ಹೋದರು.
ಐದನೆಯದಕ್ಕೆ, ನಗುತ್ತ: "ನನ್ನ ಹೃದಯ ದೇವರಿಗೆ ಗೊತ್ತಮ್ಮ."
"ಅವನಿಗೆ ಗೊತ್ತು, ಪಾದ್ರಿಗಳೇ.
ನನಗೆ ಗೊತ್ತಿಲ್ಲ. ತೋಳು ಕೊಡಿ."

ಅಂಗಾಲು ನೆಲಕ್ಕೆ. ಬೆನ್ನು ಬೆಂಚಿಗೆ. ಮಾತು ಬೇಡ.
(ಉಪದೇಶಕನಿಗೆ ಇದಕ್ಕಿಂತ ಕಠಿಣ ವ್ರತವಿಲ್ಲ.)
ನೂರ ಎಪ್ಪತ್ತೆಂಟು, ನೂರ ನಾಲ್ಕು.
ಹೇಳಲಿಲ್ಲ. ಐದು ನಿಮಿಷ ಕಾದೆವು.
ಮೊದಲ ಸಂಖ್ಯೆಯಲ್ಲಿ ಹೆದರಿಕೆಯ ಪಾಲಿರುತ್ತದೆ,
ಎರಡನೆಯದು ಅವರವರದ್ದು.
ನೂರ ಎಪ್ಪತ್ತಾರು.

"ಅಳೆಯುವುದು ಅಪನಂಬಿಕೆಯಲ್ಲವೇ?"
ಗಾಯ ಮುಟ್ಟದೆ ನಂಬೆನು ಎಂದ ಶಿಷ್ಯನ ನೆನಪಾಯಿತು.
ವರ್ಷಕ್ಕೊಮ್ಮೆ ಇದೇ ಪೀಠದಿಂದ ಅವನಿಗೆ ಬೈಗುಳ.
ಯೇಸು ಅವನನ್ನು ಹೊರಗಟ್ಟಲಿಲ್ಲವಲ್ಲ,
ಬೆರಳು ತಾ ಎಂದ,
ಪಕ್ಕೆಯನ್ನೇ ಕೊಟ್ಟ.

ಅವರ ಮನೆಯ ಮೇಜಿನ ಮೇಲೆ ಕಾಡುಹಣ್ಣಿನ ರಸದ ಬಾಟಲಿ,
ಸಕಲ ರೋಗಕ್ಕೂ ಒಂದೇ ಎಂಬ ಚೀಟಿ.
ನನ್ನ ಬಳಿ ಅಂಥದ್ದೇನಿಲ್ಲ.
ಡಾಕ್ಟರು ಬರೆದ ಸಣ್ಣ ಬಿಳಿ ಮಾತ್ರೆ,
ಸಾವಿರಾರು ಜನರಲ್ಲಿ ಒರೆಹಚ್ಚಿ ನೋಡಿದ್ದು, ಹೊಳಪಿಲ್ಲದ್ದು.
ಉಪ್ಪು ಅರ್ಧ. ಸಂಜೆ ಕಡಲ ದಾರಿಯಲ್ಲಿ ನಡಿಗೆ.
"ಹೀಗೆ ಮಾಡಿದರೆ ಸಾಯುವುದೇ ಇಲ್ಲವೇ?"
ಕೇಳಿದ್ದು ಲೆಪೆಕಾ, ಅವರ ಹೆಂಡತಿ.
ಸಾಯುತ್ತೇವೆ, ಅಮ್ಮಾ.
ಚರಣ ಮುಗಿಸಿ ಸಾಯಬಹುದು. ಬಹುಶಃ.
ಆ ಬಹುಶಃವನ್ನು ನುಂಗಿಬಿಟ್ಟರೆ
ನನಗೂ ಬಾಟಲಿಯ ಚೀಟಿಗೂ ಏನು ವ್ಯತ್ಯಾಸ?

ಈಗ ಆ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ,
ಆಮೆನ್ ಆದ ಮೇಲೆ ಮಾತ್ರೆ.
ಡಬ್ಬಿಗಳು ಇನ್ನೂ ಬರುತ್ತವೆ.
ಕಳೆದ ವಾರ ಒಬ್ಬಾಕೆ ಮಾತ್ರ ಪಪ್ಪಾಯಿ ತಂದಳು,
ಬಡತನವನ್ನು ಹೊತ್ತು ತಂದಂತೆ ನಾಚುತ್ತ,
ಬಟ್ಟೆ ಮುಚ್ಚಿ.

ರಾತ್ರಿ ನನ್ನ ತೋಳಿಗೆ ನಾನೇ ಪಟ್ಟಿ ಸುತ್ತುತ್ತೇನೆ.
ವಿಲಿಯಾಮುವಿನ ಮಗಳು, ನಲವತ್ತೊಂಬತ್ತು.
ಗಾಳಿ ಬಿಡುತ್ತ ಕಿವಿಗೊಟ್ಟರೆ ಮೊದಲು ಮೌನ,
ಆಮೇಲೆ ಎಲ್ಲಿಂದಲೋ, ಮಂದ್ರದಲ್ಲಿ,
ಡಬ್. ಡಬ್.
ಮೊದಲ ಸಂಖ್ಯೆಯನ್ನು ಬರೆಯುವುದಿಲ್ಲ.
ಅಂಗಾಲು ನೆಲಕ್ಕೂರಿ
ಐದು ನಿಮಿಷ ಕೂರುತ್ತೇನೆ.